ಯಾರೂ ಕೇಳದ ಕಡತ

ನಾನು ಫಿಸಿಯೋಥೆರಪಿಸ್ಟ್. ಟೆಕ್ಸಾಸ್‌ನ ಆಸ್ಟಿನ್ ಹೊರವಲಯದ ಶಾಲೆಗಳಲ್ಲಿ, ಕಾಲಿಗೆ ಬಲವಿಲ್ಲದ ಮಕ್ಕಳನ್ನು ನಿಲ್ಲಿಸುವುದು, ನಡೆಸುವುದು, ಮೆಟ್ಟಿಲು ಹತ್ತಿಸುವುದು ನನ್ನ ಕೆಲಸ. ಪ್ರತಿ ಆಗಸ್ಟ್‌ನಲ್ಲಿ ಶಾಲೆ ತೆರೆಯುವ ಮೊದಲು ಕಂಪ್ಯೂಟರ್ ಮುಂದೆ ಕುಳಿತು ಒಂದು ತರಬೇತಿ ಮುಗಿಸಬೇಕು. ಮಗುವಿನ ಮೇಲೆ ದೌರ್ಜನ್ಯ ನಡೆಯುತ್ತಿದೆ ಎಂಬ ಗುಮಾನಿ ಬಂದರೆ, 2022ರಲ್ಲಿದ್ದ ನಿಯಮದ ಪ್ರಕಾರ, 48 ಗಂಟೆಯೊಳಗೆ ಸರ್ಕಾರಕ್ಕೆ ತಿಳಿಸಲೇಬೇಕಿತ್ತು. ತಿಳಿಸದಿದ್ದರೆ ಅದೇ ಅಪರಾಧ. ಮತ್ತೊಬ್ಬರಿಗೆ ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಕೆಲಸಕ್ಕೆ ಸೇರಿದಾಗಿನಿಂದ ಎರಡು ಸಲ ಹಾಗೆ ದೂರು ಕೊಡುವ ಫೋನ್ ಸಂಖ್ಯೆಗೆ ಕರೆ ಮಾಡಿದ್ದೇನೆ. ಎರಡೂ ಸಲ ಕೈ ನಡುಗಿತ್ತು. ಮಾಡಿದ್ದು ಸರಿಯೆಂದೇ ಈಗಲೂ ನಂಬಿದ್ದೇನೆ.

2022ರ ಫೆಬ್ರವರಿ 22ರಂದು ಗವರ್ನರ್ ಗ್ರೆಗ್ ಅಬಾಟ್ ರಾಜ್ಯದ ಮಕ್ಕಳ ರಕ್ಷಣಾ ಇಲಾಖೆಗೆ ಒಂದು ಪತ್ರ ಬರೆದರು. ನಾಲ್ಕು ದಿನ ಹಿಂದಿನ ತಾರೀಖು ಹೊತ್ತ, ಅಟಾರ್ನಿ ಜನರಲ್ ಕೆನ್ ಪ್ಯಾಕ್ಸ್‌ಟನ್ ಅವರ ಕಾನೂನು ಅಭಿಪ್ರಾಯ ಅದಕ್ಕೆ ಆಧಾರ. ಲಿಂಗ ಪರಿವರ್ತನೆಗೆ ಸಂಬಂಧಿಸಿದ ಕೆಲವು ಚಿಕಿತ್ಸೆಗಳನ್ನು ಅಪ್ರಾಪ್ತರಿಗೆ ಕೊಡಿಸಿದರೆ ಅದು ಟೆಕ್ಸಾಸ್ ಕಾನೂನಿನ ಪ್ರಕಾರ ಮಕ್ಕಳ ಮೇಲಿನ ದೌರ್ಜನ್ಯವಾಗಬಹುದು ಎಂಬುದು ಅದರ ಸಾರ. ಇಂಥ ಮಕ್ಕಳ ಬಗ್ಗೆ ತಿಳಿದ ವೈದ್ಯರು, ದಾದಿಯರು, ಶಿಕ್ಷಕರು ವರದಿ ಮಾಡಬೇಕು, ಇಲಾಖೆ ತಂದೆ ತಾಯಿಯ ಮೇಲೆ ತನಿಖೆ ನಡೆಸಬೇಕು ಎಂದು ಪತ್ರದಲ್ಲಿತ್ತು.

ಆಗ ನಮ್ಮ ಮಗನಿಗೆ ಹನ್ನೆರಡು ವರ್ಷ. ಒಂದು ತಿಂಗಳ ಹಿಂದಷ್ಟೇ ಪ್ರೌಢಾವಸ್ಥೆ ತಡೆಯುವ ಎರಡನೆಯ ಚುಚ್ಚುಮದ್ದು ಆಗಿತ್ತು. ತರಬೇತಿಯಲ್ಲಿ ಕಲಿತದ್ದನ್ನು ಅಕ್ಷರಶಃ ಪಾಲಿಸುವುದಾದರೆ ನಾನು 48 ಗಂಟೆಯೊಳಗೆ ನನ್ನ ಮೇಲೇ ದೂರು ಕೊಡಬೇಕಿತ್ತು. ಗಂಡನಿಗೆ ಇದನ್ನು ಹೇಳಿ ನಕ್ಕೆ. ಅವರು ನಗಲಿಲ್ಲ.

ಮಗ ಹುಟ್ಟಿದ್ದು ಮಗಳಾಗಿ, 2009ರಲ್ಲಿ, ಸಿರಸಿಯಲ್ಲಿ. ಈ ಬರಹದುದ್ದಕ್ಕೂ ಅವನು ಎಂದೇ ಬರೆಯುತ್ತೇನೆ. ಬರೆಯುವುದು ಸುಲಭ, ಬಾಯಲ್ಲಿ ತಪ್ಪಿಲ್ಲದೆ ಬರಲು ನನಗೆ ಒಂದೂವರೆ ವರ್ಷ ಹಿಡಿಯಿತು. ನಮ್ಮ ಹವ್ಯಕರ ಮನೆಮಾತಿನಲ್ಲಿ ಹುಡುಗಿಯೆಂದರೆ ಕೂಸು, ಹುಡುಗನೆಂದರೆ ಮಾಣಿ. ಹೆಂಗಸರ ವಿಷಯ ಬಂದಾಗ ‘ಅದು ಬಂತು, ಅದು ಹೋಯಿತು’ ಎನ್ನುವುದೇ ರೂಢಿ. ಇಲ್ಲಿನ ಭಾನುವಾರದ ಕನ್ನಡ ತರಗತಿಯಲ್ಲಿ ಏಳು ವರ್ಷದ ಅವನಿಗೆ ಕ್ರಿಯಾಪದ ಕಲಿಸುತ್ತಿದ್ದರು. ನಾನು ಬಂದೆನು, ನೀನು ಬಂದೆ, ಅವನು ಬಂದನು, ಅವಳು ಬಂದಳು. ಮನೆಗೆ ಬಂದವನು, ‘ನಾನು ಎನ್ನುವಾಗ ಹುಡುಗ ಹುಡುಗಿ ಬೇರೆ ಇಲ್ಲವಲ್ಲ, ಹಾಗಾದರೆ ನಾನು ಯಾವಾಗಲೂ ನಾನು ಅಂತಲೇ ಹೇಳುತ್ತೇನೆ’ ಎಂದಿದ್ದ. ಜಾಣ ಮಾತು ಎಂದು ಫೋನಿನಲ್ಲಿ ಆಯಿಗೆ, ಎಂದರೆ ನನ್ನ ಅಮ್ಮನಿಗೆ, ಹೇಳಿ ಇಬ್ಬರೂ ಮೆಚ್ಚಿದೆವು. ಅದರೊಳಗೆ ಏನಿತ್ತೆಂದು ಯೋಚಿಸಲಿಲ್ಲ. ಎದುರಿಗೆ ನಿಂತು ಮಾತನಾಡುವಾಗ ಕನ್ನಡಕ್ಕೆ ಲಿಂಗ ಬೇಕಿಲ್ಲ ಎನ್ನುವುದು ಎಷ್ಟೋ ವರ್ಷಗಳ ನಂತರ ನನಗೆ ಹೊಳೆಯಿತು. ಬೆನ್ನ ಹಿಂದೆ ಮಾತನಾಡುವಾಗಲೇ ಅದು ಬೇಕಾಗುವುದು.

2020ರ ಲಾಕ್‌ಡೌನಿನಲ್ಲಿ ಅವನು ಬಾಯಿಬಿಟ್ಟ. ಮಕ್ಕಳ ವೈದ್ಯರು, ಅವರಿಂದ ಆಪ್ತಸಮಾಲೋಚಕಿ, ಒಂದು ವರ್ಷದಲ್ಲಿ 31 ಭೇಟಿ. ಆಮೇಲೆ, 2021ರ ಅಕ್ಟೋಬರ್‌ನಲ್ಲಿ, ಮಕ್ಕಳ ಹಾರ್ಮೋನು ತಜ್ಞೆ. ಆ ದಿನದ ಒಂದು ಗಂಟೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು.

ಪ್ರೌಢಾವಸ್ಥೆಯನ್ನು ತಡೆದು ನಿಲ್ಲಿಸುವ ಮದ್ದು ಅದು. ಎಲ್ಲರೂ ಬ್ಲಾಕರ್ ಎನ್ನುತ್ತಾರೆ. ಹೆಸರು ಲ್ಯೂಪ್ರೋಲೈಡ್, ಅವನಿಗೆ ಬರೆದದ್ದು ಮೂರು ತಿಂಗಳಿಗೊಮ್ಮೆ ಸ್ನಾಯುವಿಗೆ ಕೊಡುವಂಥದ್ದು. ಆರೇಳು ವರ್ಷಕ್ಕೇ ಮೈನೆರೆಯುವ ಲಕ್ಷಣ ಕಂಡ ಹುಡುಗಿಯರಿಗೆ ದಶಕಗಳಿಂದ ಕೊಡುತ್ತಿರುವ ಮದ್ದು. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮೊಮ್ಮಗಳಿಗೂ ಇದೇ ಜಾತಿಯ ಮದ್ದು ಕೊಟ್ಟಿದ್ದರು, ಯಾರೂ ಹುಬ್ಬೇರಿಸಲಿಲ್ಲ. ಆದರೆ ನನ್ನ ಕಸುಬು ಮೂಳೆ, ಸ್ನಾಯು. ಹದಿಹರೆಯದಲ್ಲಿ ಮೂಳೆಗೆ ತುಂಬಬೇಕಾದ ಸುಣ್ಣ ಆಮೇಲೆ ತುಂಬಿಕೊಳ್ಳುವುದು ಕಷ್ಟ ಎಂಬುದು ನನಗೆ ಪುಸ್ತಕದ ಮಾತಲ್ಲ. ಅದನ್ನೇ ಕೇಳಿದೆ.

ಆ ವೈದ್ಯೆ ಮುದ್ರಣಯಂತ್ರದಿಂದ ಒಂದು ಬಿಳಿ ಹಾಳೆ ಎಳೆದು ನಡುವೆ ಗೆರೆ ಹಾಕಿದರು. ಎಡಕ್ಕೆ ತಮಗೆ ಗೊತ್ತಿರುವುದು, ಬಲಕ್ಕೆ ಗೊತ್ತಿಲ್ಲದ್ದು. ಮುಟ್ಟು ನಿಲ್ಲುತ್ತದೆ, ಎದೆ ಬೆಳೆಯುವುದು ನಿಲ್ಲುತ್ತದೆ, ಮದ್ದು ಬಿಟ್ಟರೆ ಪ್ರೌಢಾವಸ್ಥೆ ಮತ್ತೆ ಶುರುವಾಗುತ್ತದೆ ಎಂದು ಎಡಕ್ಕೆ ಬರೆದರು. ಮೂಳೆ ಮೂವತ್ತು ವರ್ಷದ ಹೊತ್ತಿಗೆ ಹೇಗಿರುತ್ತದೆ, ಬೆಳೆಯುವ ಮೆದುಳಿನ ಮೇಲೆ ಏನಾಗುತ್ತದೆ, ಇದರ ಬೆನ್ನಿಗೇ ಹಾರ್ಮೋನು ಶುರುಮಾಡಿದರೆ ಮುಂದೆ ಮಕ್ಕಳಾಗುವ ಸಾಧ್ಯತೆ ಎಷ್ಟು ಉಳಿಯುತ್ತದೆ, ಇಪ್ಪತ್ತೈದನೆಯ ವಯಸ್ಸಿಗೂ ಇವನಿಗೆ ಹೀಗೇ ಅನಿಸುತ್ತದೆಯೇ ಎಂದು ಬಲಕ್ಕೆ. ಬಲಭಾಗವೇ ಉದ್ದವಾಯಿತು. ಹಾಳೆಯನ್ನು ಮಗನ ಕೈಗೆ ಕೊಟ್ಟು, ಓದಿ ಹೇಳು ಎಂದರು. ಅವನು ಎರಡೂ ಕಡೆ ಗಟ್ಟಿಯಾಗಿ ಓದಿದ. ನಾವು ಮನೆಗೆ ಬಂದು ಹದಿನೈದು ದಿನ ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಟ್ಟು, ದಿನಾ ನೋಡಿ, ಜಗಳವಾಡಿ, ಕೊನೆಗೆ ಒಪ್ಪಿದೆವು. ನಾನು ಪೂರ್ತಿ ಖಾತ್ರಿಯಿಂದ ಒಪ್ಪಿದೆ ಎಂದರೆ ಸುಳ್ಳಾಗುತ್ತದೆ.

ಪತ್ರ ಬಂದ ವಾರ ವಕೀಲರೊಬ್ಬರನ್ನು ಕಂಡೆವು. ನಮ್ಮಂಥ ಮನೆಗಳೆಲ್ಲ ಆಗ ‘ಸೇಫ್ ಫೋಲ್ಡರ್’ ಮಾಡಿಕೊಳ್ಳುತ್ತಿದ್ದವು. ತನಿಖೆಗೆ ಯಾರಾದರೂ ಬಾಗಿಲು ತಟ್ಟಿದರೆ ತೋರಿಸಲು, ನಾವು ಒಳ್ಳೆಯ ತಂದೆ ತಾಯಿ ಎಂಬುದಕ್ಕೆ ಸಾಕ್ಷಿಗಳ ಕಡತ. ಜನನ ಪ್ರಮಾಣಪತ್ರ, ವೈದ್ಯರ ಪತ್ರ, ಸಮಾಲೋಚನೆಯ ದಿನಾಂಕಗಳು, ಲಸಿಕೆ ಪಟ್ಟಿ, ಶಾಲೆಯ ಅಂಕಪಟ್ಟಿ, ಪರಿಚಿತರ ಪತ್ರಗಳು, ಮಗು ನಗುತ್ತಿರುವ ಫೋಟೋಗಳು. ಬಂದವರ ಹೆಸರು, ಗುರುತಿನ ಚೀಟಿ ಕೇಳಿ. ನ್ಯಾಯಾಲಯದ ಆದೇಶವಿಲ್ಲದೆ ಒಳಗೆ ಬಿಡಬೇಕಾಗಿಲ್ಲ. ಆದರೆ ದನಿ ಏರಿಸಬೇಡಿ. ಶಾಲೆಯಲ್ಲಿ ನಮ್ಮನ್ನು ಕೇಳದೆಯೇ ಮಗುವನ್ನು ಮಾತನಾಡಿಸಬಹುದು, ಅದಕ್ಕೂ ಅವನನ್ನು ಸಿದ್ಧಮಾಡಿ. ಇಷ್ಟನ್ನು ವಕೀಲರು ಒಂದು ಪುಟದಲ್ಲಿ ಬರೆದುಕೊಟ್ಟರು.

ನೀಲಿ ಬಣ್ಣದ ದೊಡ್ಡ ಕಡತ ತಂದೆ. ಸಿರಸಿ ನಗರಸಭೆಯ ಜನನ ಪತ್ರ ಮೊದಲ ಪುಟ. ನಮಗೆ ಇನ್ನೊಂದು ಹೆದರಿಕೆಯೂ ಇತ್ತು. ಗಂಡನದು ಎಚ್‌-1ಬಿ, ಗ್ರೀನ್ ಕಾರ್ಡಿನ ಸರದಿ ಇನ್ನೂ ದೂರ, ಅವರ ವೀಸಾದ ನೆರಳಿನಲ್ಲೇ ನನ್ನ ಕೆಲಸದ ಪರವಾನಗಿ, ಮಗನ ಇರವು. ತನಿಖೆಯಾದ ಮಾತ್ರಕ್ಕೆ ವೀಸಾ ಹೋಗುವುದಿಲ್ಲ, ನ್ಯಾಯಾಲಯದಲ್ಲಿ ಅಪರಾಧ ರುಜುವಾತಾದರೆ ಮಾತ್ರ ತೊಂದರೆ ಎಂದು ವಲಸೆ ವಕೀಲರು ಸಮಾಧಾನ ಹೇಳಿದರು. ಆದರೆ ನಾರ್ವೆಯಲ್ಲಿ 2011ರಲ್ಲಿ ಬಂಗಾಳಿ ದಂಪತಿಯ ಮಕ್ಕಳನ್ನು ಅಲ್ಲಿನ ಮಕ್ಕಳ ರಕ್ಷಣಾ ಇಲಾಖೆ ಕರೆದೊಯ್ದ ಸುದ್ದಿಯನ್ನು ಊರಿನ ಟಿವಿಗಳು ತಿಂಗಳುಗಟ್ಟಲೆ ತೋರಿಸಿದ್ದವಲ್ಲ. ಪರದೇಶದಲ್ಲಿ ಮಕ್ಕಳನ್ನು ಸರ್ಕಾರ ಎತ್ತಿಕೊಂಡು ಹೋಗುತ್ತದೆ ಎಂಬುದು ಮೈಸೂರಿನ ನಮ್ಮ ಅತ್ತೆಯವರಿಗೆ ಆಗಿನಿಂದಲೂ ಖಚಿತ. ಅವರಿಗೆ ನಾವು ಏನನ್ನೂ ಹೇಳಲಿಲ್ಲ.

ಪರಿಚಿತರ ಪತ್ರಗಳದೇ ದೊಡ್ಡ ಕಷ್ಟ. ಪತ್ರ ಬೇಕಾದರೆ ವಿಷಯ ಹೇಳಬೇಕು. ಇಲ್ಲಿನ ಕನ್ನಡ ಕೂಟದಲ್ಲಿ ಹತ್ತು ವರ್ಷ ಒಟ್ಟಿಗೆ ಯುಗಾದಿ, ರಾಜ್ಯೋತ್ಸವ ಮಾಡಿದವರು, ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ಸಾರು ಕಾಯಿಸಿಕೊಟ್ಟವರು. ನಾಲ್ವರನ್ನು ಕೇಳಿದೆ. ಒಬ್ಬರು ಬರೆಯುತ್ತೇನೆಂದು ಹೇಳಿ ಮೂರು ವಾರ ಫೋನ್ ತೆಗೆಯಲಿಲ್ಲ. ಇನ್ನೊಬ್ಬರು, ‘ನಿಮ್ಮ ಮೇಲೆ ಪ್ರೀತಿಯಿದೆ, ಆದರೆ ನಮ್ಮ ಗ್ರೀನ್ ಕಾರ್ಡೂ ಇನ್ನೂ ಆಗಿಲ್ಲ’ ಎಂದರು. ಆ ಪ್ರಾಮಾಣಿಕತೆಗೆ ನಾನು ಸಿಟ್ಟಾಗಲಿಲ್ಲ. ಬರೆದುಕೊಟ್ಟವರು ಭಾನುವಾರದ ಕನ್ನಡ ಪಾಠದ ಮೇಷ್ಟ್ರು, ನಿವೃತ್ತ ಬ್ಯಾಂಕ್ ಅಧಿಕಾರಿ. ‘ಈ ಮಗುವಿಗೆ ಒತ್ತಕ್ಷರ ತಪ್ಪುವುದಿಲ್ಲ, ಇದರ ತಾಯಿ ಒಂದು ದಿನವೂ ತಡವಾಗಿ ಕರೆದೊಯ್ಯಲು ಬಂದಿಲ್ಲ’ ಎಂದು ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಟೈಪ್ ಮಾಡಿದ್ದರು. ಕಡತದಲ್ಲಿ ನನಗೆ ಅತ್ಯಂತ ಇಷ್ಟವಾದ ಪುಟ ಅದೇ.

ಗೆರೆ ಎಳೆದ ಹಾಳೆಯನ್ನೂ ಸೇರಿಸಿದ್ದೆ. ವಕೀಲರು ಅದನ್ನು ನೋಡಿ ಹೊರಗೆ ತೆಗೆದಿಟ್ಟರು. ‘ಇದರ ಬಲಭಾಗವನ್ನು ಓದುವವರು ಎಡಭಾಗ ಓದುವುದಿಲ್ಲ. ಇಂಥದ್ದೆಲ್ಲ ಗೊತ್ತಿಲ್ಲವೆಂದು ತಿಳಿದೂ ಕೊಡಿಸಿದರು ಎನ್ನುತ್ತಾರೆ’ ಎಂದರು. ಅವರ ದೃಷ್ಟಿಯಿಂದ ಸರಿಯೇ. ನಾವು ಎಷ್ಟು ಯೋಚಿಸಿದ್ದೆವು ಎಂಬುದಕ್ಕೆ ನನ್ನ ಬಳಿ ಇದ್ದ ಒಂದೇ ಸಾಕ್ಷಿ ಅದು. ನಮ್ಮ ವಿರುದ್ಧದ ಸಾಕ್ಷಿಯೂ ಅದೇ ಆಗಿಬಿಟ್ಟಿತ್ತು. ಹಾಳೆ ಅಡುಗೆಮನೆಯ ಡ್ರಾಯರಿಗೆ ಹೋಯಿತು.

ಮಾರ್ಚ್ 11ರಂದು ಆಸ್ಟಿನ್‌ನ ಜಿಲ್ಲಾ ನ್ಯಾಯಾಧೀಶರು ರಾಜ್ಯದಾದ್ಯಂತ ಇಂಥ ತನಿಖೆಗಳಿಗೆ ತಡೆ ಕೊಟ್ಟರು. ಮೇ 13ರಂದು ಟೆಕ್ಸಾಸ್ ಸುಪ್ರೀಂ ಕೋರ್ಟ್ ಆ ತಡೆಯನ್ನು ಮೊಕದ್ದಮೆ ಹೂಡಿದವರಿಗೆ ಮಾತ್ರ ಸೀಮಿತಗೊಳಿಸಿತು. ಜೊತೆಗೆ, ಇಲಾಖೆಗೆ ಹೀಗೆ ತನಿಖೆ ಮಾಡು ಎಂದು ಅಪ್ಪಣೆ ಕೊಡುವ ಅಧಿಕಾರ ಗವರ್ನರ್‌ಗೆ ಇಲ್ಲವೆಂದೂ ಬರೆಯಿತು. ಹಾಗಾದರೆ ನಮ್ಮ ಮನೆಗೆ ಬರುತ್ತಾರೋ ಇಲ್ಲವೋ ಎಂದು ಕೇಳಿದೆ. ‘ಬಂದರೂ ಬರಬಹುದು’ ಎಂದರು ವಕೀಲರು. ಕಡತ ಬಾಗಿಲ ಪಕ್ಕದ ಚಪ್ಪಲಿ ಗೂಡಿನ ಮೇಲೆ ಖಾಯಂ ಆಯಿತು. ಯಾರೂ ಬರಲಿಲ್ಲ.

2023ರಲ್ಲಿ ಬಂದದ್ದು ಪತ್ರವಲ್ಲ, ಕಾನೂನು. ಅಪ್ರಾಪ್ತರಿಗೆ ಈ ಚಿಕಿತ್ಸೆಯನ್ನೇ ನಿಷೇಧಿಸುವ ಸೆನೆಟ್ ಮಸೂದೆ 14. ಇಂಥ ಕಾನೂನನ್ನು ಮೊದಲು ಮಾಡಿದ್ದು 2021ರಲ್ಲಿ ಆರ್ಕನ್ಸಾ ರಾಜ್ಯ, ಅದೂ ತನ್ನದೇ ಗವರ್ನರ್ ನಿರಾಕರಿಸಿದ ಮಸೂದೆಯನ್ನು ಮತ್ತೆ ಅಂಗೀಕರಿಸಿ. ಆಮೇಲೆ ಒಂದರ ಹಿಂದೆ ಒಂದು ರಾಜ್ಯ. ಮಾರ್ಚ್ 27ರಂದು ಕೆಳಮನೆಯ ಸಮಿತಿ ಇದೇ ವಿಷಯದ ಮಸೂದೆಯ ಮೇಲೆ ಸಾರ್ವಜನಿಕರ ಮಾತು ಕೇಳುತ್ತದೆಂದು ತಿಳಿದು ರಜೆ ಹಾಕಿ ಹೋದೆ. ಬೆಂಗಳೂರಿನಲ್ಲಿ ಓದುವಾಗ ವಿಧಾನಸೌಧದ ಎದುರು ಫೋಟೋ ತೆಗೆಸಿಕೊಂಡದ್ದು ಬಿಟ್ಟರೆ ಶಾಸನಸಭೆಗೂ ನನಗೂ ಸಂಬಂಧವಿರಲಿಲ್ಲ. ಇಲ್ಲಿ ಪೌರತ್ವವಿಲ್ಲದ ನನ್ನನ್ನೂ ಹೆಸರು ಬರೆಸಿಕೊಂಡು ಒಳಗೆ ಬಿಟ್ಟರು. ಇದನ್ನು ಹೇಳದಿದ್ದರೆ ಅನ್ಯಾಯ.

ತಲಾ ಎರಡು ನಿಮಿಷ. ನೂರಾರು ಜನ. ನೆಲದಡಿಯ ವಿಸ್ತರಣೆ ಕಟ್ಟಡದ ಮೊಗಸಾಲೆಯಲ್ಲಿ ಗೋಡೆಗೊರಗಿ ಕುಳಿತು ಟಿವಿ ಪರದೆಯಲ್ಲಿ ನೋಡುತ್ತಿದ್ದೆವು. ಚಿಕಿತ್ಸೆ ಮಾಡಿಸಿಕೊಂಡು ಆಮೇಲೆ ಪಶ್ಚಾತ್ತಾಪಪಟ್ಟವರೂ ಮಾತನಾಡಿದರು. ನನ್ನ ಪಕ್ಕ ಕುಳಿತಿದ್ದ ತಾಯಂದಿರು ತಲೆ ತಿರುಗಿಸಿಕೊಂಡರು. ನನಗೆ ಮಾತ್ರ ಎದ್ದು ಹೋಗಿ ಕೇಳಬೇಕೆನಿಸಿತು: ನಿಮಗೆ ಯಾರಾದರೂ ಹಾಳೆಯ ಮಧ್ಯೆ ಗೆರೆ ಎಳೆದು ತೋರಿಸಿದ್ದರೇ? ಕೇಳಲಿಲ್ಲ. ಅಂಗಿಗೆ ಚುಚ್ಚಿಕೊಂಡ ಬಿಲ್ಲೆ ನೋಡಿಯೇ ಯಾರು ಯಾವ ಕಡೆಯವರೆಂದು ತೀರ್ಮಾನವಾಗುತ್ತಿತ್ತು. ನಮ್ಮ ಕಡೆಯವರ ಎದುರು ಮೂಳೆಯ ಮಾತೆತ್ತಿದರೆ ದ್ರೋಹ, ಆ ಕಡೆಯವರ ಎದುರು ಮಗನ ಮಾತೆತ್ತಿದರೆ ದೌರ್ಜನ್ಯ. ಅಡಕತ್ತರಿಯಲ್ಲಿ ಸಿಕ್ಕ ಅಡಕೆಯ ಪಾಡು ಏನೆಂದು ತೋಟದ ಮನೆಯಲ್ಲಿ ಹುಟ್ಟಿದ ನನಗೆ ಹೊಸದಾಗಿ ಹೇಳಬೇಕಿಲ್ಲ. ನಡುರಾತ್ರಿಗೆ ಸಭೆ ಮುಗಿಸಿಬಿಟ್ಟರು. ನನ್ನ ಸರದಿ ಬರಲೇ ಇಲ್ಲ.

ಜೂನ್ 2ರಂದು ಸಹಿ ಬಿತ್ತು. ಸೆಪ್ಟೆಂಬರ್ 1ರಿಂದ ಜಾರಿ. ಹದಿನೆಂಟು ತುಂಬದವರಿಗೆ ಲಿಂಗ ಪರಿವರ್ತನೆಗಾಗಿ ಬ್ಲಾಕರ್, ಹಾರ್ಮೋನು, ಶಸ್ತ್ರಚಿಕಿತ್ಸೆ ಯಾವುದೂ ಇಲ್ಲ. ಕೊಟ್ಟ ವೈದ್ಯರ ಪರವಾನಗಿ ರದ್ದು. ಬೇಗ ಮೈನೆರೆಯುವ ಮಕ್ಕಳಿಗೆ ಅದೇ ಮದ್ದನ್ನು ಕೊಡಬಹುದು. ಲೈಂಗಿಕ ಬೆಳವಣಿಗೆಯ ಆನುವಂಶಿಕ ತೊಂದರೆಯಿರುವ ಮಕ್ಕಳಿಗೂ ವಿನಾಯಿತಿ. ಜೂನ್ 1ಕ್ಕೆ ಮೊದಲೇ ಶುರುಮಾಡಿದ್ದು, ಅದಕ್ಕೂ ಹಿಂದೆ ಕನಿಷ್ಠ ಆರು ತಿಂಗಳ ಕಾಲ 12 ಸಮಾಲೋಚನೆ ಆಗಿದ್ದರೆ, ಮದ್ದನ್ನು ಒಮ್ಮೆಲೇ ನಿಲ್ಲಿಸದೆ ಸುರಕ್ಷಿತವಾಗಿ ಇಳಿಸುತ್ತಾ ಬಿಡಿಸಬೇಕು. ನಮ್ಮದು 31 ಆಗಿತ್ತು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದವರಂತೆ ಒಂದು ಕ್ಷಣ ಹಿಗ್ಗಿದೆ. ಆಮೇಲೆ ಆ ಹಿಗ್ಗಿಗೇ ನಾಚಿಕೆಯಾಯಿತು.

ಆಗಸ್ಟ್ ಮೊದಲ ವಾರ ಕೊನೆಯ ಚುಚ್ಚುಮದ್ದು. ವೈದ್ಯೆ ನಮ್ಮನ್ನು ನೋಡಿದರು, ಮಗನ ಎತ್ತರ ಅಳೆದರು. ಮೂಳೆ ಸಾಂದ್ರತೆಯ ಬಗ್ಗೆ ನಾನು ಕೇಳಿದ್ದಕ್ಕೆ, ‘ಮುಂದಿನ ವೈದ್ಯರ ಬಳಿ ಮಾತನಾಡಿ’ ಎಂದಷ್ಟೇ ಹೇಳಿದರು. ಎರಡು ವರ್ಷದ ಹಿಂದೆ ಬಿಳಿ ಹಾಳೆಯ ಬಲಭಾಗವನ್ನು ನಿರ್ಭಯವಾಗಿ ತುಂಬಿಸಿದ್ದ ಅದೇ ಹೆಂಗಸು. ಅವರನ್ನು ದೂರುತ್ತಿಲ್ಲ. ಗೊತ್ತಿಲ್ಲ ಎಂದು ಹೇಳಲು ಒಂದು ನೆಮ್ಮದಿ ಬೇಕು. ಅದು ಅವರಿಗೆ ಉಳಿದಿರಲಿಲ್ಲ. ಆಗಸ್ಟ್ 25ಕ್ಕೆ ಜಿಲ್ಲಾ ನ್ಯಾಯಾಲಯ ಕಾನೂನಿಗೆ ತಡೆ ಕೊಟ್ಟಿತು. ಸರ್ಕಾರ ಮೇಲ್ಮನವಿ ಹಾಕಿದ್ದೇ ತಡೆ ನಿಂತಿತು. 31ರಂದು ರಾಜ್ಯದ ಸುಪ್ರೀಂ ಕೋರ್ಟ್ ಕಾನೂನು ಜಾರಿಯಾಗಲು ಬಿಟ್ಟಿತು.

ಬೇರೆ ರಾಜ್ಯಕ್ಕೆ ಹೋಗಿಬಿಡಿ ಎಂದು ಹೇಳಿದವರು ಬಹಳ. ಎಚ್‌-1ಬಿಯವರು ಊರು ಬಿಟ್ಟು ಊರಿಗೆ ಹೋಗಲು ಕಂಪನಿ ಹೊಸ ಅರ್ಜಿ ಹಾಕಬೇಕು, ಗ್ರೀನ್ ಕಾರ್ಡಿನ ಕಾರ್ಮಿಕ ಪ್ರಮಾಣೀಕರಣ ಕೆಲಸದ ಜಾಗಕ್ಕೆ ಅಂಟಿಕೊಂಡಿರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಊರಿಗೇ ಬಂದುಬಿಡಿ ಎಂದದ್ದು ಆಯಿ ಒಬ್ಬಳೇ. ಅವಳಿಗೆ ನಾನು ವಿಷಯ ಹೇಳಿದ್ದು 2021ರ ನವೆಂಬರ್‌ನಲ್ಲಿ, ಗಂಡಾಗಿ ಹುಟ್ಟಿ ಹೆಣ್ಣಾದ ಜನಪದ ಕಲಾವಿದೆ ಮಂಜಮ್ಮ ಜೋಗತಿಯವರು ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಪಡೆದ ಮಾರನೆಯ ದಿನ. ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ನಿವಾಳಿಸಿದ್ದನ್ನು ಟಿವಿಯಲ್ಲಿ ನೋಡಿ ಆಯಿ ಖುಷಿಯಾಗಿದ್ದಳು. ಇದೇ ಸಮಯವೆಂದು ಹೇಳಿದೆ. ‘ಅವರ ಹಾಗೆಯೇ?’ ಎಂದಳು. ‘ಅದರ ತಿರುಗುಮುರುಗು’ ಎಂದೆ. ತುಂಬಾ ಹೊತ್ತು ಸುಮ್ಮನಿದ್ದು, ‘ತಿರುಗುಮುರುಗು ಆದರೆ ಪದ್ಮಶ್ರೀ ಕೊಡುತ್ತಾರೋ ಇಲ್ಲವೋ’ ಎಂದಳು.

2023ರ ನವೆಂಬರ್‌ನಲ್ಲಿ ಪಕ್ಕದ ರಾಜ್ಯ ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹೋದೆವು. ಟೆಕ್ಸಾಸ್ ಕಾನೂನು ವೈದ್ಯರನ್ನು ಹಿಡಿಯುತ್ತದೆಯೇ ಹೊರತು ಹೊರರಾಜ್ಯಕ್ಕೆ ಕರೆದೊಯ್ಯುವ ಪೋಷಕರನ್ನು ಶಿಕ್ಷಿಸುವುದಿಲ್ಲ. ನ್ಯೂ ಮೆಕ್ಸಿಕೋ ಅದೇ ವರ್ಷದ ಏಪ್ರಿಲ್‌ನಲ್ಲಿ ಇಂಥ ಚಿಕಿತ್ಸೆ ಪಡೆದವರಿಗೆ ರಕ್ಷಣೆ ಕೊಡುವ ಕಾನೂನು ಮಾಡಿಕೊಂಡಿತ್ತು. ವಿಮಾನವಿದ್ದರೂ ಕಾರಿನಲ್ಲೇ ಹೋದೆವು, ಸುಮಾರು 700 ಮೈಲಿ. ವಿಮಾನ ನಿಲ್ದಾಣದಲ್ಲಿ ಕಡತ ಬಿಚ್ಚಿಸಿದರೆ ಎಂಬ ಹೆದರಿಕೆ. ಈಗ ನಗು ಬರುತ್ತದೆ. ಸ್ವೀಟ್‌ವಾಟರ್ ಸುತ್ತಲಿನ ಗಾಳಿಯಂತ್ರಗಳನ್ನು ನೋಡಿ ಗಂಡ ಚಿತ್ರದುರ್ಗ ಎಂದರು. ಲಬ್ಬಕ್ ದಾಟಿದ ಮೇಲೆ ಹತ್ತಿ ಕೊಯ್ಲು. ಹೊಲದ ತುಂಬ ಹಳದಿ ಪ್ಲಾಸ್ಟಿಕ್ ಸುತ್ತಿದ ದೊಡ್ಡ ಉರುಳೆಗಳು. ಗಡಿ ದಾಟಿದಾಗ ಮೊಬೈಲಿನ ಗಡಿಯಾರ ತಾನೇ ಒಂದು ಗಂಟೆ ಹಿಂದಕ್ಕೆ ಹೋಯಿತು. ಮಗ ಹಿಂದಿನ ಸೀಟಿನಲ್ಲಿ ನಿದ್ದೆಹೋಗಿದ್ದ.

ಹೊಸ ವೈದ್ಯರು ಹಳೆಯ ದಾಖಲೆಗಳನ್ನು ಕೇಳಿದರು. ನಾನು ನೀಲಿ ಕಡತ ಮೇಜಿನ ಮೇಲಿಟ್ಟೆ. ಲಸಿಕೆ, ರಕ್ತಪರೀಕ್ಷೆ, ಸಮಾಲೋಚನೆ, ಎಲ್ಲ ತಾರೀಖಿನ ಪ್ರಕಾರ. ಪುಟ ತಿರುಗಿಸುತ್ತಾ ಹೋದವರು ಕನ್ನಡ ಮೇಷ್ಟ್ರ ಪತ್ರದ ಹತ್ತಿರ ನಿಂತು, ಇದೇಕೆ ಇಲ್ಲಿದೆ ಎಂದು ಕೇಳಿದರು. ಪೊಲೀಸರಿಗಾಗಿ ಎನ್ನಲು ಹೋಗಿ, ಚೆನ್ನಾಗಿದೆಯೆಂದು ಇಟ್ಟುಕೊಂಡಿದ್ದೇನೆ ಎಂದೆ.

ಆಮೇಲಿನದು ಮೂರು ತಿಂಗಳಿಗೊಂದು ಪ್ರಯಾಣ. ಅದರ ಬಗ್ಗೆ ಹೇಳುವುದು ಹೆಚ್ಚಿಲ್ಲ, ಹಣ ಮತ್ತು ಬೆನ್ನುನೋವು ಬಿಟ್ಟರೆ.

2024ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಹಿಲರಿ ಕ್ಯಾಸ್ ಎಂಬ ಮಕ್ಕಳ ತಜ್ಞೆಯ ವರದಿ ಬಂತು. ಬ್ಲಾಕರ್‌ಗಳ ಬಗ್ಗೆ ಇರುವ ಪುರಾವೆ ದುರ್ಬಲ, ಎಚ್ಚರ ಬೇಕು ಎಂದು ಅದು ಹೇಳಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಅದಕ್ಕೂ ತಿಂಗಳ ಮೊದಲೇ ಇವನ್ನು ವಾಡಿಕೆಯಾಗಿ ಬರೆಯುವುದನ್ನು ನಿಲ್ಲಿಸಿತ್ತು. ಸ್ವೀಡನ್, ಫಿನ್ಲೆಂಡ್ ಮೊದಲೇ ಬಿಗಿಮಾಡಿದ್ದವು. ಅಮೆರಿಕದ ಮಕ್ಕಳ ವೈದ್ಯರ ಸಂಘ ಚಿಕಿತ್ಸೆಗೆ ತನ್ನ ಬೆಂಬಲವನ್ನು 2023ರಲ್ಲಿ ಮತ್ತೆ ದೃಢಪಡಿಸಿ, ಪುರಾವೆಗಳ ಹೊಸ ಪರಿಶೀಲನೆಗೂ ಹೇಳಿತ್ತು. ನಾನು ಕ್ಯಾಸ್ ವರದಿಯನ್ನು ರಾತ್ರಿಗಳಲ್ಲಿ ಕುಳಿತು ಓದಿದೆ. ಹೆದರಿಕೆಯಾಯಿತು, ಜೊತೆಗೆ ಏನೋ ಹಗುರವೂ ಆಯಿತು. ಬಿಳಿ ಹಾಳೆಯ ಬಲಭಾಗವನ್ನು ಯಾರೋ ನೂರಾರು ಪುಟಕ್ಕೆ ಬೆಳೆಸಿ ಬರೆದಂತಿತ್ತು. ನಮ್ಮ ಪೋಷಕರ ಗುಂಪಿನಲ್ಲಿ ಆ ವರದಿಯ ಹೆಸರೆತ್ತಲು ಧೈರ್ಯವಾಗಲಿಲ್ಲ.

ಆ ವರ್ಷದ ಮೂಳೆ ಪರೀಕ್ಷೆಯಲ್ಲಿ ಮಗನ ಅಂಕಿ ಕೆಳಗಿತ್ತು. ಬ್ಲಾಕರ್‌ನಲ್ಲೇ ಹೆಚ್ಚು ಕಾಲ ಇರುವಂತಿಲ್ಲ, ಇತ್ತ ಅಥವಾ ಅತ್ತ ನಿರ್ಧರಿಸಬೇಕು ಎಂದರು ವೈದ್ಯರು. ಮೂವರೂ ಆರು ವಾರ ಮಾತನಾಡಿದೆವು. ಏನು ನಿರ್ಧರಿಸಿದೆವು ಎಂದು ಇಲ್ಲಿ ಬರೆಯುವುದಿಲ್ಲ. ಅವನ ದೇಹದ ಬಗ್ಗೆ ನಾನು ಈಗಾಗಲೇ ಒಂದು ಕಡತದಷ್ಟು ಬರೆದಿದ್ದೇನೆ.

ಅದಕ್ಕೆ ಸ್ವಲ್ಪ ಮೊದಲು, ಮಾರ್ಚ್‌ನಲ್ಲಿ, ಮಾರಿಕಾಂಬೆಯ ಜಾತ್ರೆಗೆ ಸಿರಸಿಗೆ ಹೋಗಿದ್ದೆವು. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆ. ಆಯಿ ನಾಲ್ಕು ದಿನ ಅವನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ‘ಇಲ್ಲಿ ಬಾ’, ‘ಊಟಕ್ಕೆ ಏಳು’ ಎನ್ನುತ್ತಾ ಹೇಗೋ ತೂಗಿಸಿದಳು. ಐದನೆಯ ದಿನ ಬಳೆ ಅಂಗಡಿಯವನು, ‘ಮೊಮ್ಮಗಳಿಗೆ ಬಳೆ ಬೇಡವೇ?’ ಎಂದ. ಆಯಿ ಸಿಡುಕಿದಳು: ‘ಮಾಣಿಗೆ ಎಂಥ ಬಳೆ?’ ಯಾರ ಮೇಲಿನ ಸಿಡುಕೋ ನನಗೆ ಗೊತ್ತಾಗಲಿಲ್ಲ. ಮಗ ತೊಟ್ಟಿಲು ತಿರುಗುವುದನ್ನು ನೋಡುತ್ತಾ ನಿಂತಿದ್ದ, ಕಿವಿ ಮಾತ್ರ ಕೆಂಪಾಗಿತ್ತು.

ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಎಂಟಕ್ಕೆ ಒಂದರಂತೆ ಕಾನೂನನ್ನು ಎತ್ತಿಹಿಡಿಯಿತು. 2025ರ ಜೂನ್ 18ರಂದು ದೇಶದ ಸುಪ್ರೀಂ ಕೋರ್ಟ್ ಟೆನೆಸಿ ರಾಜ್ಯದ ಇಂಥದೇ ಕಾನೂನನ್ನು ಆರಕ್ಕೆ ಮೂರರಂತೆ ಒಪ್ಪಿತು. ತಂದೆ ತಾಯಿಯ ಹಕ್ಕಿನ ಪ್ರಶ್ನೆಯನ್ನು ಆ ತೀರ್ಪು ಮುಟ್ಟಲಿಲ್ಲ. ಆ ಸಂಜೆ ಮಗ ಚಪ್ಪಲಿ ಗೂಡಿನ ಮೇಲಿನ ಕಡತವನ್ನು ತೆಗೆದುಕೊಂಡು ಊಟದ ಮೇಜಿಗೆ ಬಂದ. ನಾಲ್ಕು ತಿಂಗಳು ಕಳೆದರೆ ಅವನಿಗೆ ಹದಿನಾರು. ಅದನ್ನು ಇಡಿಯಾಗಿ ಓದಿದ್ದು ಅಂದೇ ಮೊದಲು. ತನ್ನ ಏಳನೆಯ ವರ್ಷದ ಯಕ್ಷಗಾನ ವೇಷದ ಫೋಟೋ ನೋಡಿ ನಕ್ಕ, ಮೇಷ್ಟ್ರ ಪತ್ರವನ್ನು ಎರಡು ಸಲ ಓದಿದ. ಕೊನೆಯ ಪುಟ ಮುಗಿಸಿ, ‘ಆ ಗೆರೆ ಎಳೆದ ಹಾಳೆ ಎಲ್ಲಿ?’ ಎಂದು ಕೇಳಿದ.

ವಕೀಲರು ಬೇಡವೆಂದರು ಎಂದೆ.

‘ಅದನ್ನು ಓದಿದ್ದು ನಾನಲ್ಲವೇ’ ಎಂದ. ಎದ್ದು ಹೋಗಿ ಅಡುಗೆಮನೆಯ ಡ್ರಾಯರುಗಳನ್ನು ಒಂದೊಂದಾಗಿ ಎಳೆಯತೊಡಗಿದ. ದಿನಸಿ ಚೀಟಿ, ಗ್ಯಾರಂಟಿ ಕಾರ್ಡುಗಳ ಅಡಿಯಲ್ಲಿ ಸಿಕ್ಕಿತು. ಒಂದು ಮೂಲೆಗೆ ಅರಿಸಿನದ ಕಲೆ. ಪಂಚ್ ತಂದು ತೂತು ಹೊಡೆದು, ಜನನ ಪತ್ರದ ಹಿಂದೆಯೇ ಸೇರಿಸಿದ.